ನಲವತ್ತೆರಡು ವಾಲ್ವ್, ಮತ್ತೊಂದು

ಊರಿನ ಹೆಸರು ಹೇಳುವುದಿಲ್ಲ. ತಮಿಳುನಾಡಿನ ಧರ್ಮಪುರಿ ಕಡೆ, ಕಾರಿಮಂಗಲಂ ದಾಟಿದ ಮೇಲೆ ಸಿಗುವ ಒಂದು ಪುಟ್ಟ ಪಟ್ಟಣ ಎಂದರೆ ಸಾಕು. ಅಲ್ಲಿಯ ಪಟ್ಟಣ ಪಂಚಾಯಿತಿ ಆಫೀಸಿನಲ್ಲಿ ನಾನು ಒಂಬತ್ತು ವರ್ಷ ಗುಮಾಸ್ತೆಯಾಗಿದ್ದೆ. ನಾನು ಸೇಲಂನವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಫೈಲಿನಲ್ಲಿ ಅರೆಬರೆ ಇಂಗ್ಲಿಷು. ಆಫೀಸಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವನು ಒಬ್ಬನೇ, ನೀರು ಬಿಡುವ ಮುನಿವೆಂಕಟಪ್ಪ. ಬೇರೆಯವರೆಲ್ಲ ನನ್ನನ್ನು ಮೈತ್ರೇಯಿ ಮೇಡಂ ಎಂದರೆ ಅವನಿಗೆ ಮಾತ್ರ ನಾನು ಅಮ್ಮ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು.

ಹದಿನೆಂಟು ಬೀದಿಯ ಊರು, ಇರುವುದು ಒಂದೇ ಟ್ಯಾಂಕು. ದಿನ ಬಿಟ್ಟು ದಿನ ಒಂದೊಂದು ಬೀದಿಗೆ ನಲವತ್ತು ನಿಮಿಷ ನೀರು. ಬೆಳಿಗ್ಗೆ ಐದಕ್ಕೆ ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಮುನಿವೆಂಕಟಪ್ಪ ಹೊರಡುತ್ತಿದ್ದ. ನೆಲದಡಿಯ ಗುಂಡಿಗಳಲ್ಲಿರುವ ವಾಲ್ವುಗಳನ್ನು ಆ ಕೀಲಿಯಿಂದ ತಿರುವಬೇಕು. ಒಂದಕ್ಕೆ ಎಂಟು ಸುತ್ತು, ಇನ್ನೊಂದಕ್ಕೆ ಹನ್ನೊಂದು. ಯಾವ ಗುಂಡಿ ಎಲ್ಲಿದೆ ಎಂದು ಅವನೊಬ್ಬನಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

ಹಾಗೆ ಮಾಡಿಕೊಂಡವನೂ ಅವನೇ. ನಾನು ಅಲ್ಲಿಗೆ ಬರುವ ಮುಂಚಿನ ಕಥೆ ಇದು. ಆಗ ಅವನು ಸೇರಿ ಎರಡೋ ಮೂರೋ ವರ್ಷವಾಗಿತ್ತು, ದಿನಗೂಲಿ. ಆಗಿನ ಅಧ್ಯಕ್ಷರು ತಮ್ಮ ಕಡೆಯವನೊಬ್ಬನನ್ನು ಆ ಕೆಲಸಕ್ಕೆ ಕರೆತರುತ್ತಾರೆಂದು ಸುದ್ದಿಯಾಯಿತು. ಮುನಿವೆಂಕಟಪ್ಪನ ಹಟ್ಟಿಯವರು ಕುರಿ ಕಾಯುವವರು. ಬೇಲಿ ಹಾಕುವುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗುಂಡಿಗಳ ಮುಚ್ಚಳದ ಮೇಲೆ ಮಣ್ಣೆಳೆದ. ಒಂದರ ಮೇಲೆ ಚಪ್ಪಡಿ ಬಿತ್ತು, ಒಂದರ ಮೇಲೆ ಕಸದ ಗುಡ್ಡೆ ಬೆಳೆಯಿತು. ಆಫೀಸಿನಲ್ಲಿದ್ದ ಹಳೆಯ ನಕ್ಷೆಯನ್ನು ಗೆದ್ದಲು ತಿಂದು ಉಪಕಾರ ಮಾಡಿತು. ಹೊಸಬ ಒಂದು ವಾರ ಊರೆಲ್ಲ ಅಗೆದು, ಬೈಸಿಕೊಂಡು, ಓಡಿಹೋದ. ಕೆಲಸ ಉಳಿಯಿತು.

ಉಳಿದದ್ದು ಕೆಲಸ ಮಾತ್ರ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಅವನಿಗೆ ವಾರದ ರಜೆ ಇಲ್ಲ, ಹಬ್ಬದ ರಜೆ ಇಲ್ಲ. ಒಮ್ಮೆ ಕೆಂಡದಂಥ ಜ್ವರ ಬಂದು ಮಲಗಿದಾಗ ಆಫೀಸಿನವರು ಆಟೋ ಕಳಿಸಿದರು. ಕಂಬಳಿ ಹೊದ್ದು ಅದರಲ್ಲಿ ಕೂತು, ಬೀದಿಬೀದಿಯಲ್ಲಿ ಬೆರಳು ತೋರಿಸಿದ, ಬೇರೆ ಯಾರೋ ತಿರುವಿದರು. ಮಗಳು ಶಿವಲಕ್ಷ್ಮಿಯನ್ನು ಸೇಲಂ ಆಚೆಯ ಶಂಕಗಿರಿಗೆ ಕೊಟ್ಟರು, ಅಳಿಯ ಲಾರಿ ಶೆಡ್ಡಿನಲ್ಲಿ ಮೆಕ್ಯಾನಿಕ್ಕು. ಮದುವೆ ಗಂಡಿನ ಊರಲ್ಲೇ, ಬೆಳಗಿನ ಮುಹೂರ್ತ. ಎರಡು ಬೀದಿಗಾದರೂ ನೀರು ಬಿಟ್ಟು ಹೋಗು ಎಂದರು ಆಫೀಸಿನವರು. ಮಗಳ ಕೊರಳಿಗೆ ತಾಳಿ ಬೀಳುವಾಗ ಅಪ್ಪ ಕಾರಿಮಂಗಲದ ಬಸ್‌ಸ್ಟ್ಯಾಂಡಿನಲ್ಲಿದ್ದ. ಧಾರೆ ಎರೆದದ್ದು ಅವನ ತಮ್ಮ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಅವನ ಹೆಂಡತಿ ಲಕ್ಷ್ಮಕ್ಕ ನನ್ನ ಎದುರಿಗೇ ಅಂದಳು.

ತೊಂಬತ್ತೇಳರಲ್ಲಿ ಆರ್ಡರು ಬಂತು. ಹತ್ತು ವರ್ಷ ದಾಟಿದ ದಿನಗೂಲಿಯವರನ್ನು ಖಾಯಂ ಮಾಡುವ ಆರ್ಡರು. ಖಾಯಂ ಹುದ್ದೆ ನಮ್ಮಲ್ಲಿ ಖಾಲಿ ಇರಲಿಲ್ಲ. ಶಂಕಗಿರಿಯಲ್ಲಿ ಇತ್ತು. ಹದಿನೈದು ದಿನದೊಳಗೆ ಅಲ್ಲಿ ಹೋಗಿ ಸೇರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವನಿಗೆ. ಅಲ್ಲಿಯ ಆಫೀಸು ಮಗಳ ಮನೆಯಿಂದ ನಡೆದರೆ ಎರಡು ಬೀದಿ. ಅಲ್ಲಿ ವಾಲ್ವ್ ತಿರುವಲು ಮೂವರಿದ್ದರು, ವಾರಕ್ಕೊಂದು ದಿನ ರಜೆ. ಇದನ್ನು ನಾನು ಓದಿ ಹೇಳಿದಾಗ ಮುನಿವೆಂಕಟಪ್ಪ ಕೇಳಿದ್ದು ರಜೆಯ ವಿಷಯ ಮಾತ್ರ. ಎರಡು ಸಲ ಕೇಳಿದ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಎಕ್ಸಿಕ್ಯುಟಿವ್ ಆಫೀಸರ್ ಸುಬ್ಬರಾಯನ್ ಕೆಟ್ಟವರಲ್ಲ, ಆದರೆ ನೀರಿನ ಗಲಾಟೆ ಎಂದರೆ ನಡುಗುವವರು. ಒಂದು ಷರತ್ತು ಹಾಕಿದರು. ಎಲ್ಲ ವಾಲ್ವುಗಳ ನಕ್ಷೆ ಮಾಡಿಕೊಡಲಿ. ಅದನ್ನು ಹಿಡಿದು ಪಂಪ್‌ಹೌಸಿನ ದಿನಗೂಲಿ ಚಿನ್ನರಾಜ್ ಒಂದು ವಾರ ತಾನೊಬ್ಬನೇ ನೀರು ಬಿಡಲಿ. ದೂರು ಬಾರದಿದ್ದರೆ ಬಿಡುಗಡೆ.

ಮುನಿವೆಂಕಟಪ್ಪನಿಗೆ ಓದುಬರಹ ಇಲ್ಲ. ನಕ್ಷೆ ಬರೆಯುವುದು ನನ್ನ ತಲೆಗೆ ಬಂತು. ಚಾರ್ಟ್ ಪೇಪರ್ ಹಿಡಿದು, ಕೊಡೆ ಬಿಡಿಸಿಕೊಂಡು, ಮೂರು ದಿನ ಅವನ ಹಿಂದೆ ಬಿಸಿಲಲ್ಲಿ ಅಲೆದೆ. ಅವನು ಕಾಲಿನಿಂದ ಮಣ್ಣು ಸರಿಸಿ ತೋರಿಸುವುದು, ನಾನು ಗುರುತು ಹಾಕಿ ಸುತ್ತಿನ ಲೆಕ್ಕ ಬರೆಯುವುದು. ಮೂರನೆಯ ದಿನ ಮಧ್ಯಾಹ್ನ ನಲವತ್ತೆರಡಕ್ಕೆ ಮುಗಿಯಿತು. ಅಷ್ಟೇನಾ ಎಂದು ಕೇಳಿದೆ. ಅಷ್ಟೇ ಅಂದ. ಟವಲಿನಿಂದ ಮುಖ ಒರೆಸಿಕೊಂಡು, ಮತ್ತೊಮ್ಮೆ, ನಾನು ಕೇಳದೆಯೇ, ಅಷ್ಟೇ ಅಂದ. ನಾನು ದಡ್ಡಿ, ಮನೆಗೆ ಹೋಗುವ ಬಸ್ಸಿನ ಚಿಂತೆಯಲ್ಲಿದ್ದೆ.

ಚಿನ್ನರಾಜ್ ಮೂರು ದಿನ ಚೆನ್ನಾಗಿಯೇ ನಿಭಾಯಿಸಿದ. ಮುನಿವೆಂಕಟಪ್ಪ ಹೊಸ ಲುಂಗಿ ಉಟ್ಟು ಎಂಟು ಗಂಟೆಗೆ ಎದ್ದು ಟೀ ಅಂಗಡಿಗೆ ಬರುತ್ತಿದ್ದ. ಲಕ್ಷ್ಮಕ್ಕ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದಳು. ನಾಲ್ಕನೆಯ ದಿನ ಊರ ತಗ್ಗಿನ ಕಡೆಯ ಬೀದಿಯಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ಸಂಜೆಯೊಳಗೆ ಹನ್ನೊಂದು ಮಕ್ಕಳನ್ನು ಧರ್ಮಪುರಿ ಆಸ್ಪತ್ರೆಗೆ ಸಾಗಿಸಿದರು. ನಲ್ಲಿಯ ನೀರು ನಾರುತ್ತಿದೆ ಎಂದು ಹೆಂಗಸರು ಕೊಡಗಳನ್ನು ತಂದು ಆಫೀಸಿನ ಮೆಟ್ಟಿಲ ಮೇಲೆ ಸುರಿದರು. ಅದೇ ಬೀದಿಯಲ್ಲಿ ಇಡ್ಲಿ ಮಾರುವ ಚೆಲ್ಲಮ್ಮನ ನಾಲ್ಕು ವರ್ಷದ ಮೊಮ್ಮಗಳ ಕಣ್ಣು ಗುಳಿ ಬಿದ್ದು, ಡ್ರಿಪ್ಸ್ ಹಾಕಲು ನರ ಸಿಗುತ್ತಿರಲಿಲ್ಲ.

ಮುನಿವೆಂಕಟಪ್ಪ ಕೀಲಿ ತೆಗೆದುಕೊಂಡು ಓಡಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ಮುಂದಿನ ಸರದಿಯಿಂದ ಆ ಬೀದಿಯ ನೀರು ತಿಳಿಯಾಯಿತು. ಮಕ್ಕಳೂ ಉಳಿದವು, ದೇವರು ದೊಡ್ಡವನು. ಚೆಲ್ಲಮ್ಮ ಆಫೀಸಿಗೆ ಬಂದು ಅವನ ಎರಡೂ ಕೈ ಹಿಡಿದುಕೊಂಡು, ನೀನಿದ್ದಿದ್ದರೆ ಹೀಗಾಗುತ್ತಿರಲಿಲ್ಲ, ನಮ್ಮನ್ನು ಬಿಟ್ಟು ಹೋಗಬೇಡ ಎಂದು ತಮಿಳಿನಲ್ಲಿ ಅತ್ತಳು. ಅವನು ಕೈ ಬಿಡಿಸಿಕೊಂಡು ಹಿಂದಿನ ಕಾಂಪೌಂಡಿಗೆ ಹೋಗಿ ಗೋಡೆಗೊರಗಿ ನಿಂತ. ನಾನು ಹಿಂದೆಯೇ ಹೋದೆ.

"ಒಂದ್ ಐತಮ್ಮಾ," ಅಂದ. "ನಲ್ವತ್ತ್‌ಮೂರ್ನೇದು. ನಾನ್ ನಿಮ್ಗೆ ಯೋಳ್ಲಿಲ್ಲ."

ಆ ಬೀದಿಯ ಕೊನೆಯಲ್ಲಿ ನೀರಿನ ಪೈಪು ಸಾಕ್ಕಡೆಯ, ಅಂದರೆ ಊರ ಕೊಳಚೆ ಹರಿಯುವ ಚರಂಡಿಯ, ಅಡಿಯಲ್ಲಿ ಹೋಗುತ್ತದೆ. ನೀರಿಲ್ಲದ ದಿನ ಹಳೆಯ ಜಾಯಿಂಟುಗಳಿಂದ ಕೊಳಚೆ ಪೈಪಿನೊಳಗೆ ಇಳಿಯುತ್ತದೆ. ಅಲ್ಲೊಂದು ಸಣ್ಣ ವಾಲ್ವ್ ಇದೆ. ಬೀದಿಗೆ ನೀರು ಬಿಡುವ ಮುಂಚೆ ಅದನ್ನು ತೆರೆದು, ಮೊದಲ ಐದು ನಿಮಿಷದ ಕಪ್ಪು ನೀರನ್ನು ಚರಂಡಿಗೇ ಹರಿಸಿ, ಆಮೇಲೆ ಮುಚ್ಚಬೇಕು. ಹನ್ನೆರಡು ವರ್ಷ ಅವನು ತಪ್ಪದೆ ಮಾಡಿದ್ದ, ಜ್ವರದ ದಿನವೂ ಆಟೋದಿಂದ ತಾನೇ ಇಳಿದು. ಮಾಡುತ್ತಿದ್ದದ್ದು ಯಾರಿಗೂ ತಿಳಿದಿರಲಿಲ್ಲ.

ಏಕೆ ಬಚ್ಚಿಟ್ಟೆ ಎಂದು ಕೇಳಿದೆ. ಸಿಟ್ಟು ನೆತ್ತಿಗೇರಿತ್ತು, ಹೊಡೆಯುವುದೊಂದು ಬಾಕಿ.

"ಅಲ್ಗೋದ್ಮೇಲೆ ಅವ್ರು ಬ್ಯಾಡ ಅಂದ್ಬಿಟ್ರೆ? ಇಲ್ಗಾದ್ರೂ ವಾಪಸ್ ಕರೀಬೇಕಲ್ಲಾ. ಅದ್ಕೇ ಒಂದ್ ಇರ್ಲಿ ಅಂತ ಇಟ್ಕಂಡೆ. ಮಕ್ಕಳ್ಗೆ ಇಂಗಾಯ್ತದೆ ಅಂತ ನೆನೀಲಿಲ್ಲಮ್ಮಾ. ಒಂದ್ ವಾರ ತಡೀತದೆ, ನಾನ್ ಅಲ್ಗೋದ್ಮೇಲೆ ಸ್ವಲ್ಪ ವಾಸ್ನೆ ಬತ್ತದೆ, ಕರೀತಾರೆ ಅಂದ್ಕಂಡೆ."

ಹನ್ನೆರಡು ವರ್ಷ ನಾಳೆ ಕೆಲಸ ಇದೆಯೋ ಇಲ್ಲವೋ ಎಂದು ಬದುಕಿದವನ ಕೈಯಲ್ಲಿ ಖಾಯಂ ಆರ್ಡರು ಇಟ್ಟರೆ, ಅವನು ಅದನ್ನು ನಂಬುತ್ತಾನೆ ಎಂದುಕೊಂಡದ್ದು ನಮ್ಮ ತಪ್ಪು. ಇದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ. ಅಂದು ಮಾತ್ರ ಬಾಯಿಗೆ ಬಂದಂತೆ ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡ.

ಒಳಗೆ ಸುಬ್ಬರಾಯನ್ ತೀರ್ಮಾನ ಮಾಡಿಬಿಟ್ಟಿದ್ದರು. ನಕ್ಷೆಯಿಂದ ಏನೂ ಆಗುವುದಿಲ್ಲ, ಇದು ಕೈಪಳಗಿದವನ ಕೆಲಸ, ಅವನನ್ನು ಬಿಡುವುದಿಲ್ಲ. ಪತ್ರ ಟೈಪ್ ಮಾಡಲು ನನ್ನನ್ನೇ ಕರೆದರು. ನಕ್ಷೆಯಲ್ಲಿ ಒಂದೇ ಒಂದು ಚುಕ್ಕೆ ಕಡಿಮೆ, ಅದನ್ನಿಟ್ಟರೆ ಚಿನ್ನರಾಜನಿಗೂ ಸಾಕು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ, ಅದನ್ನು ಬಚ್ಚಿಟ್ಟವರು ಯಾರು ಎಂದು ಕೇಳುತ್ತಾರೆ. ಹನ್ನೊಂದು ಮಕ್ಕಳ ವಿಷಯ. ಖಾಯಂ ಇರಲಿ, ಜೈಲು ಕಾಣುತ್ತಿದ್ದ. ಬಾಗಿಲ ಹೊರಗೆ ನಿಂತು ಮುನಿವೆಂಕಟಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಬಾಯಿ ತೆರೆಯಲಿಲ್ಲ. 'ಇವರ ಸೇವೆ ಇಲ್ಲಿಗೆ ಅತ್ಯಗತ್ಯವಾದ್ದರಿಂದ ಬಿಡುಗಡೆ ಸಾಧ್ಯವಿಲ್ಲ' ಎಂದು ಟೈಪ್ ಮಾಡಿ, ಮೂರು ಪ್ರತಿ ತೆಗೆದು, ಸಹಿಗೆ ಇಟ್ಟೆ. ಸುಬ್ಬರಾಯನ್ ನಕ್ಷೆಯನ್ನು ಸುರುಳಿ ಸುತ್ತಿ ಬೀರುವಿಗೆ ಹಾಕಿ ಬೀಗ ಜಡಿದರು.

ಗಡುವು ಮುಗಿಯುವ ಹದಿನೈದನೆಯ ದಿನ ಸಂಜೆ ಐದಕ್ಕೆ ಅವನು ಆಫೀಸಿಗೆ ಬಂದು, ಗೋಡೆಯ ಗಡಿಯಾರದ ಕೆಳಗೆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಎದ್ದುಹೋದ. ಗೋಣಿಚೀಲದ ಪಾತ್ರೆಗಳನ್ನು ಲಕ್ಷ್ಮಕ್ಕ ಒಂದು ತಿಂಗಳವರೆಗೂ ಬಿಚ್ಚಲಿಲ್ಲವಂತೆ. ಪಟ್ಟಿಯಲ್ಲಿ ಅವನ ನಂತರದವನು ಚಿನ್ನರಾಜ್. ಪಂಪಿನ ಸ್ವಿಚ್ಚು ಹಾಕಲು ಯಾರಾದರೂ ಸಿಗುತ್ತಾರೆ, ಆದ್ದರಿಂದ ಅವನನ್ನು ಎರಡೇ ದಿನದಲ್ಲಿ ಬಿಟ್ಟರು.

ಪೊಂಗಲ್ ಕಳೆದ ಮೇಲೆ ಶಿವಲಕ್ಷ್ಮಿಯ ಇನ್‌ಲ್ಯಾಂಡ್ ಲೆಟರ್ ಬಂತು. ಮುನಿವೆಂಕಟಪ್ಪ ಓದಿಸಿಕೊಳ್ಳಲು ತಂದ. ತಮಿಳಿನಲ್ಲಿತ್ತು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. 'ಚಿನ್ನರಾಜ್ ಮಾಮ ನಮ್ಮ ಬೀದಿಗೂ ನೀರು ಬಿಡುತ್ತಾರೆ, ನಿಮ್ಮನ್ನು ಕೇಳಿದರು, ಭಾನುವಾರ ಅವರಿಗೆ ರಜೆ. ನಾನು ಈಗ ಐದು ತಿಂಗಳ ಬಸುರಿ.'

ನಾನು ತಲೆಯೆತ್ತಿದೆ. ಖುಷಿಪಡುತ್ತಾನೆ, ಇಲ್ಲ ಅಳುತ್ತಾನೆ ಎಂದುಕೊಂಡಿದ್ದೆ. ಅವನು ಕೀಲಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಮೊದಲ್ನೇ ನೀರು ಸಾಕ್ಕಡೆಗೆ ಬಿಡ್ತಾನಾ ಅವ್ನು? ಅದೇನಾರಾ ಬರ್ದವ್ಳಾ?"

ಬರೆದಿರಲಿಲ್ಲ. ಬರೆಯಲು ಅವಳಿಗೇನು ಗೊತ್ತು, ಚಿನ್ನರಾಜನಿಗೂ ನಾವು ಹೇಳಿರಲಿಲ್ಲ. ಮುನಿವೆಂಕಟಪ್ಪನೇ ಟೇಬಲ್ಲಿನ ಮೇಲಿದ್ದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಬರೀರಮ್ಮಾ," ಅಂದ. "ನಲ್ಲೀಲಿ ಬರೋ ಮೊದಲ ಎರಡ್ ಕೊಡ ಕುಡೀಬ್ಯಾಡ, ಚೆಲ್ಬುಡು, ಅಪ್ಪ ಯೋಳ್ತು ಅಂತ."