ಕಣ್ಣು ತೆಗೆಯುವ ವಿಚಾರ

ಕನ್ನಡ ಪಾಠ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ಆದರೂ ‘ತೆಗೆ’ ಎಂಬ ಪುಟ್ಟ ಕ್ರಿಯಾಪದ ಮೊನ್ನೆ ನನ್ನನ್ನು ನಾಲ್ಕು ಜನರ ಮುಂದೆ ಪೆದ್ದನನ್ನಾಗಿ ಮಾಡಿತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಬೆಕ್ಕಿನ ಹೆಸರು ಶಾಂತವ್ವ. ಹೆಸರಿಟ್ಟದ್ದು ಅವಳ ಸ್ವಭಾವ ತಿಳಿಯುವ ಮುಂಚೆ. ಒಂದು ಬೆಳಿಗ್ಗೆ ಅವಳ ಎಡಗಣ್ಣು ಊದಿಕೊಂಡು, ನೀರು ಸುರಿಸಿ, ಮುಚ್ಚಿಕೊಂಡಿತು. ಎರಡು ದಿನ ಕಾದರೂ ತೆರೆಯಲಿಲ್ಲ. ಹೆಂಡತಿ ಗಿರಿಜಾಳೂ ನಾನೂ ಅವಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ತಣಿಸಂದ್ರದಿಂದ ಗಂಗಾನಗರದ ಪಶುವೈದ್ಯೆಯ ಬಳಿಗೆ ಆಟೋ ಹತ್ತಿದೆವು. ಹೆಬ್ಬಾಳದಲ್ಲಿ ವಾಹನಗಳು ನಿಂತಷ್ಟು ಹೊತ್ತೂ ಶಾಂತವ್ವ ಕೂಗಿದಳು. ಮುಂದಿನ ಸ್ಕೂಟರಿನವರು ಅದನ್ನೊಂದು ಹೊಸ ಬಗೆಯ ಹಾರ್ನ್ ಎಂದುಕೊಂಡು ತಿರುಗಿ ಗದರಿದರು.

ವೈದ್ಯೆ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಟಾರ್ಚ್ ಬಿಟ್ಟು ನೋಡಿ, “ಕರಿಗುಡ್ಡೆ ಮೇಲೆ ಹುಣ್ಣಾಗಿದೆ ಸರ್. ಕಣ್ಣು ತೆಗೀಬೇಕಾಗುತ್ತೇನೋ,” ಎಂದರು.

ಗದಗ ಕಡೆ ಹುಟ್ಟಿದ ನಮಗೆ ಕಣ್ಣು ತೆಗೆಯುವುದೆಂದರೆ ಕಣ್ಣು ಬಿಡುವುದು, ದಿನಾ ಬೆಳಿಗ್ಗೆ ಎಲ್ಲರೂ ಮಾಡುವ ಕೆಲಸ. ನಮ್ಮವ್ವ ನನ್ನನ್ನು ಎಬ್ಬಿಸುತ್ತಿದ್ದದ್ದೇ “ಕಣ್ ತೆಗಿಯೋ” ಎಂದು. ಹಾಗಾಗಿ ನಾನು ಹಿಗ್ಗಿಹೋದೆ.

“ತೆಗೀಲೇಬೇಕಲ್ರಿ ಡಾಕ್ಟ್ರ! ಎರಡು ದಿನದಿಂದ ನಾವೂ ಅದನ್ನ ಕಾಯಾಕತ್ತೇವಿ. ಇವತ್ತ ತೆಗದ್ರ ಭಾಳ ಚಲೋ ಆಗ್ತಿತ್ತು!”

ವೈದ್ಯೆ ನನ್ನನ್ನು ಕಟುಕನನ್ನು ನೋಡುವಂತೆ ನೋಡಿದರು. ಆಮೇಲೆ ನಿಧಾನವಾಗಿ, “ತೆಗೆಯೋದು ಅಂದ್ರೆ ಆಪರೇಷನ್ ಮಾಡಿ ಕಣ್ಣನ್ನೇ ಹೊರಗೆ ತೆಗೆಯೋದು ಸರ್,” ಎಂದರು. ಗಿರಿಜಾ ಕುರ್ಚಿಯಲ್ಲಿ ಕುಸಿದಳು. ಅವರ ಅರ್ಥವನ್ನು ಸೋಲಿಸಿ ನಮ್ಮೂರ ಅರ್ಥವನ್ನು ಗೆಲ್ಲಿಸುವುದು ಹೇಗೆಂಬುದೊಂದೇ ಅಂದಿನಿಂದ ನನ್ನ ಚಿಂತೆಯಾಯಿತು. ಅವರು ಎರಡು ವಾರ ಅವಕಾಶ ಕೊಟ್ಟರು. ದಿನಕ್ಕೆ ನಾಲ್ಕು ಸಲ ಹನಿ ಔಷಧಿ, ಒಂದು ಸಲವೂ ತಪ್ಪುವಂತಿಲ್ಲ.

ಮೊದಲ ದಿನದ ಹನಿಗಳು ಅವಳ ಕಿವಿಗೆ, ನನ್ನ ಕನ್ನಡಕಕ್ಕೆ, ಗಿರಿಜಾಳ ಚಹಾದ ಕಪ್ಪಿಗೆ ಬಿದ್ದವು. ನಾನು ಸೀಸೆ ಹಿಡಿದು ಎದುರಿಗೆ ಹೋಗುವುದು, ಅವಳು ಕಪಾಟಿನ ಕೆಳಗೆ ನುಗ್ಗುವುದು. ಕೊನೆಗೆ ಗಿರಿಜಾ, “ಎದುರಿಗೆ ಬಂದು ಹಿಡದ್ರ ನೀವಾರ ಸುಮ್ನಿರ್ತೀರೇನ್ರಿ? ಹಿಂದಿಂದ ಹಾಕ್ರಿ,” ಎಂದಳು. ನೆಲದ ಮೇಲೆ ಕೂತು, ಟವೆಲ್ ಸುತ್ತಿದ ಶಾಂತವ್ವನ ಬೆನ್ನು ನನ್ನ ಕಡೆ ಬರುವಂತೆ ಮಂಡಿಗಳ ನಡುವೆ ಕೂರಿಸಿಕೊಂಡು, ಸೀಸೆ ಕಾಣದಂತೆ ತಲೆಯ ಹಿಂದಿನಿಂದ ಹನಿಸಿದೆ. ಕಣ್ಣಿಗೇ ಬಿತ್ತು! ಕೆಲಸ ಕಾಯಂ ಆದ ದಿನವೂ ನಾನು ಅಷ್ಟು ಹೆಮ್ಮೆಪಟ್ಟಿರಲಿಲ್ಲ. ಮಧ್ಯಾಹ್ನದ ಹನಿಗಾಗಿ ಕಾಲೇಜಿನಿಂದ ಓಡಿ ಬರುತ್ತಿದ್ದೆ. ಸಂಧಿ ಸಮಾಸಗಳು ಅರ್ಧಕ್ಕೇ ನಿಲ್ಲುತ್ತಿದ್ದವು, ಮಕ್ಕಳೇನೂ ಬೇಸರ ಮಾಡಿಕೊಳ್ಳಲಿಲ್ಲ.

ಹನ್ನೊಂದನೆಯ ದಿನ ಕಣ್ಣು ಒಂದಿಷ್ಟು ತೆರೆಯಿತು. ಹದಿನಾಲ್ಕನೆಯ ದಿನ ವೈದ್ಯೆ ಬಣ್ಣದ ಹನಿ ಹಾಕಿ, ನೀಲಿ ದೀಪ ಹಿಡಿದು ನೋಡಿ ನಕ್ಕರು. “ಹುಣ್ಣು ವಾಸಿಯಾಗಿದೆ ಸರ್, ಆಪರೇಷನ್ ಬೇಡ. ದೃಷ್ಟಿ ಹೇಗಿದೆ ಅಂತ ಮನೇಲೂ ಒಂದ್ಸಲ ನೋಡಿ. ಬಲಗಣ್ಣು ಮುಚ್ಚಿ, ಎಡಗಡೆ ಹತ್ತಿ ಉಂಡೆ ಬೀಳಿಸಿ. ಕಾಣಿಸಿದ್ರೆ ಬೆಕ್ಕು ತಿರುಗಿ ನೋಡುತ್ತೆ.”

ಮನೆಯಲ್ಲಿ ಗಿರಿಜಾ ಅವಳ ಬಲಗಣ್ಣನ್ನು ಅಂಗೈಯಿಂದ ಮರೆಮಾಡಿದಳು. ನಾನು ಉಸಿರು ಬಿಗಿಹಿಡಿದು ಹತ್ತಿ ಬೀಳಿಸಿದೆ. ಶಾಂತವ್ವ ಹತ್ತಿಯ ಕಡೆ ನೋಡಲೇ ಇಲ್ಲ. ಇನ್ನೊಂದು ಉಂಡೆಗೆ ಕೈ ಚಾಚಿದೆ. ಅಷ್ಟರಲ್ಲಿ ಆ ಎಡಗಣ್ಣು ನನ್ನ ಬಲಗೈಯ ಕಡೆ ತಿರುಗಿತು. ಎರಡು ವಾರದಿಂದ ತನಗೆ ಹಿಂಸೆ ಕೊಟ್ಟ ಕೈ ಅದೇ ಎಂದು ಖಾತ್ರಿ ಮಾಡಿಕೊಂಡು, ಉಗುರು ಚಾಚಿ ಬಾರಿಸಿದಳು.

“ಗಿರಿಜಾ, ಕಾಣಸ್ತೈತಿ! ಪೂರಾ ಕಾಣಸ್ತೈತಿ!” ರಕ್ತ ಒಸರುವ ಕೈ ಎತ್ತಿಕೊಂಡು ಮನೆ ತುಂಬ ಕುಣಿದೆ.

ಮರುದಿನ ಕಾಲೇಜಿನಲ್ಲಿ ಕಂಡಕಂಡವರಿಗೆಲ್ಲ ಕೈ ತೋರಿಸಿದೆ.

“ಅಯ್ಯೋ, ಏನ್ ಸಾರ್ ಇದು, ಹಿಂಗ್ ಪರಚಿದೆ?” ಎಂದರು ಸಹೋದ್ಯೋಗಿಯೊಬ್ಬರು.

“ಪರಚಿದ್ದಿರಲಿ,” ಎಂದೆ, “ಗುರಿ ನೋಡ್ರಿ ಹೆಂಗೈತಿ!”