ಇಲಿ ಬಿದ್ದ ಮನೆಗಳ ಪಟ್ಟಿ

ಗೆಳತಿಯರೇ, ಪುಣೆಯ ನಮ್ಮ ಪೇಟೆಗೆ ಇಂದು ಪ್ಲೇಗಿನ ಹೊಸ ಲಸಿಕೆ ಬಂತು, ಅರ್ಧ ಜನಕ್ಕೂ ಸಾಲದಷ್ಟು. ಇಲಿ ಸತ್ತು ಬಿದ್ದ ಮನೆಯವರಿಗೆ ಮೊದಲು ಕೊಡುವುದೆಂದು ನಾನೂ ಇರುವ ಪೇಟೆಯ ಕಮಿಟಿ ನಿಶ್ಚಯಿಸಿತು. ಪಟ್ಟಿ ಬರೆಯಲು ಕುಳಿತವರು ನಾವು ಬಾಡಿಗೆಗಿರುವ ವಾಡೆಯ ಮಾಲೀಕ ರಾಯರು. ಸರಕಾರದವರು ಮನೆ ಖಾಲಿ ಮಾಡಿಸಿಯಾರೆಂಬ ಭಯಕ್ಕೆ, ತಮ್ಮಲ್ಲಿ ಒಂದು ಇಲಿಯೂ ಬಿದ್ದಿಲ್ಲವೆಂದು ನಿನ್ನೆಯವರೆಗೆ ಆಣೆ ಮಾಡುತ್ತಿದ್ದವರು.

"ನಮ್ಮಲ್ಲಿ ನಾಕು ಬಿದ್ದಾವ್ರಿ," ಎಂದರು ರಾಯರು ಇಂದು.

"ನಮ್ಮಲ್ಲಿ ಆರು," ಎಂದರು ಎದುರುಮನೆಯ ವಕೀಲರು.

ಸತ್ತ ಇಲಿಗಳನ್ನು ಎತ್ತುವವಳು ಗಂಗವ್ವ. ಬಾಗಿಲ ಹೊರಗೆ ನಿಂತಿದ್ದ ಅವಳನ್ನೇ ಕೇಳಿದೆ.

"ರಾಯರ ಮನ್ಯಾಗ ಎರಡು ಖರೇ ರೀ, ಗುಪ್‌ಚುಪ್ ಎತ್ತಿಸಿದ್ರು. ವಕೀಲ್ರದು ಬರೇ ಬಾಯಿಮಾತು."

ಎಲ್ಲರೂ ನಕ್ಕರು, ವಕೀಲರೂ.

"ಒಟ್ಟು ಎಷ್ಟು ಮನಿ ಇಲಿ ಎತ್ತೀದಿ, ಗಂಗವ್ವಾ?" ಎಂದೆ.

"ಹನ್ನೊಂದು ಮನಿವು ರೀ, ಬರಿಗೈಲೆ."

"ಮತ್ತ ಪಟ್ಟಿಯೊಳಗ ನಿನ್ನ ಹೆಸರು?"

"ನನ್ನ ಮನ್ಯಾಗ ಇಲಿ ಬಿದ್ದಿಲ್ಲಲ್ರಿ, ಬಾಯಾರ."

ರಾಯರು ಬರೆದಿದ್ದನ್ನು ಹರಿದುಹಾಕಿ, ಹೊಸ ಹಾಳೆಯ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದರು. ಸಂಜೆ ಅವಳಿಗೇ ಮೊದಲ ಸೂಜಿ ಬಿತ್ತು.

ಎರಡನೆಯ ಸಾಲಿನಲ್ಲಿ ತಮ್ಮ ಹೆಸರು ಬರೆದುಕೊಳ್ಳುವುದನ್ನು ರಾಯರು ಮರೆಯಲಿಲ್ಲ, ಅದು ಬೇರೆ ಮಾತು.