ಸಂಗವ್ವನ ತೂಕ

ಹುಬ್ಬಳ್ಳಿಯ ಗೋಪನಕೊಪ್ಪದ ಓಣಿಯಲ್ಲಿ ಸಂಗವ್ವ ಬಂದರೆ ಎದುರಿನವರು ಗೋಡೆಗೆ ಸರಿದು ದಾರಿ ಬಿಡಬೇಕಿತ್ತು. ಅಷ್ಟು ದೊಡ್ಡ ಮೈ. ಹುಡುಗಿಯರು ಹಿಂದಿನಿಂದ ಕಿಸಕ್ಕೆಂದರೆ ತಾನೂ ನಗುತ್ತಿದ್ದಳು. "ನಗ್ರಿ, ನಗ್ರಿ. ಇದೇನು ಪುಕ್ಕಟ ಬಂದ ಮೈ ಅಲ್ಲ. ನಮ್ಮ ಮನಿಯವರು ಉಣಿಸಿ ಉಣಿಸಿ ಮಾಡಿದ್ದು" ಅನ್ನುತ್ತಿದ್ದಳು.

ಅದು ಖರೇ ಮಾತು. ಹದಿಮೂರಕ್ಕೆ ಮದುವೆಯಾಗಿ ಮುಗದ ಎಂಬ ಹಳ್ಳಿಯ ಕೂಡು ಮನೆಗೆ ಹೋದವಳು. ಗಂಡಸರು, ಮಕ್ಕಳು, ಅತ್ತೆ, ನೆಗೆಣ್ಣಿಯರು ಎಲ್ಲರೂ ಉಂಡು ಎದ್ದ ಮೇಲೆ ಕಿರಿ ಸೊಸೆಯ ಪಾಳಿ. ಅಷ್ಟರಲ್ಲಿ ರೊಟ್ಟಿ ಬುಟ್ಟಿಯಲ್ಲಿ ಹಾಸಿದ ಬಟ್ಟೆ ಬಿಟ್ಟರೆ ಏನಿರುತ್ತಿತ್ತು, ಮಣ್ಣು! ನೂರು ರೊಟ್ಟಿ ಬಡಿದವಳು ನೀರು ಮಜ್ಜಿಗೆ ಕುಡಿದು ಮಲಗಬೇಕು. ಗಂಡ ನೀಲಕಂಠಪ್ಪ ಆರು ವರ್ಷ ನೋಡಿದ. ಏಳನೆಯ ವರ್ಷ ಬೇರೆಯಾಗಿ ಹುಬ್ಬಳ್ಳಿಗೆ ಬಂದು ದುರ್ಗದಬೈಲಿನ ಹತ್ತಿರದ ಕಾಳಿನ ಅಂಗಡಿಯಲ್ಲಿ ತೂಗುವ ಕೆಲಸಕ್ಕೆ ನಿಂತ. ಮೊದಲ ದಿನವೇ ಹೆಂಡತಿಯನ್ನು ಕೂಡ್ರಿಸಿ ತಾನೇ ಬಡಿಸಿದ. "ಮೊದಲ ನೀ ಉಣ್ಣು. ನೀ ಉಂಡಿಂದ ನಾ ಉಣ್ತೇನಿ" ಅಂದ. ಮಕ್ಕಳಾಗಲಿಲ್ಲ. ಈ ಪದ್ಧತಿ ಮಾತ್ರ ಇಪ್ಪತ್ತು ವರ್ಷ ತಪ್ಪಲಿಲ್ಲ.

ಸಾವಿರದ ಒಂಬೈನೂರ ಅರವತ್ಮೂರರ ಹೋಳಿ ಹೊತ್ತಿಗೆ ಸಂಗವ್ವನ ಹೊಕ್ಕಳ ಪಕ್ಕ ನಿಂಬೆಹಣ್ಣಿನಷ್ಟಿದ್ದ ಗಂಟು ಬೆಲ್ಲದ ಉಂಡೆಯಷ್ಟಾಯಿತು. ಕೆಮ್ಮಿದರೆ ಜೀವ ಹೋದಂತೆ ನೋವು. ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ದಾಕ್ತರು ಗಂಟನ್ನು ಒತ್ತಿ ನೋಡಿದರು, ಆಮೇಲೆ ಸಂಗವ್ವನನ್ನು ಕಾಟಾದ ಮೇಲೆ ನಿಲ್ಲಿಸಿ ತೂಗಿದರು.

"ಕರುಳು ಹೊರಗ ಬಂದದವ್ವಾ. ಕೊಯ್ದು ಹೊಲೀಬೇಕು. ಆದ್ರ ತೊಂಬತ್ತೆರಡು ಕಿಲೋ ಇದ್ದೀರಿ. ಇಷ್ಟು ಕೊಬ್ಬಿನಾಗ ಹೊಲಿಗಿ ನಿಲ್ಲಂಗಿಲ್ಲ, ಎಚ್ಚರ ತಪ್ಪಸೋ ಔಷಧಾನೂ ತಡಿಯಂಗಿಲ್ಲ. ಎಂಬತ್ತಕ್ಕ ಇಳದು ಬರ್ರಿ."

ಸಂಗವ್ವನಿಗೆ ಸೇರು ಗೊತ್ತು, ಮಣ ಗೊತ್ತು. ಈ ಕಿಲೋ ಬಂದದ್ದು ಇತ್ತೀಚೆಗೆ. ಗಂಡನ ಮುಖ ನೋಡಿದಳು. "ತೂಗೂದ ನನ್ನ ಕೆಲಸರಿ ಸಾಹೇಬ್ರ. ಇಳದ ಕೂಡಲೇ ಕರಕೊಂಡ ಬರ್ತೇನಿ" ಅಂದ ನೀಲಕಂಠಪ್ಪ. ಆದರೆ ಕೊಯ್ಸುವುದೆಂದರೆ ಅವನಿಗೆ ಭಯ. ಅವನ ತಂಗಿ ಹೊಟ್ಟೆ ಕೊಯ್ಸಿಕೊಳ್ಳಲು ಆಸ್ಪತ್ರೆಗೆ ನಡೆದುಕೊಂಡು ಹೋಗಿದ್ದಳು. ಅವಳನ್ನು ಚಕ್ಕಡಿಯಲ್ಲಿ ಹೆಣವಾಗಿ ತಂದವನು ಅವನೇ.

ಅಂದಿನಿಂದ ಸಂಗವ್ವ ಆರು ರೊಟ್ಟಿಯಿಂದ ಎರಡಕ್ಕೆ ಇಳಿದಳು. ಅಯ್ಯ ಶಿವನೇ, ಆ ಹಸಿವು! ಮೊದಲ ವಾರ ಹೊಟ್ಟೆ ಕೂಗಿತು, ಎರಡನೆಯ ವಾರ ತಲೆ ತಿರುಗಿತು. ಮೂರನೆಯ ವಾರ ಒಲೆಯ ಮುಂದೆ ಕೂತು, ರೊಟ್ಟಿ ಉಬ್ಬಿ ಕಮ್ಮಗೆ ವಾಸನೆ ಬಂದಾಗ, ಕಣ್ಣಲ್ಲಿ ನೀರು ತಾನೇ ಇಳಿಯಿತು. ಮುಗದದ ಹಸಿವಿಗೆ ಬೈಯಲು ಅತ್ತೆಯಾದರೂ ಇದ್ದಳು. ಈಗ ಯಾರನ್ನು ಬೈಯುವುದು? ಬುಟ್ಟಿಯೂ ತನ್ನದೇ, ಹಿಟ್ಟೂ ತನ್ನದೇ.

ಹಸಿವಿನ ಜೊತೆ ನೂರು ವಿಚಾರ. ಕೊಯ್ದರೆ ಎದ್ದೇನೋ ಇಲ್ಲವೋ? ಎದ್ದರೂ, ಈ ಮೈ ಕರಗಿದ ಮೇಲೆ ಉಳಿಯುವವಳು ಆ ಮುಗದದ ಹಸಿದ ಹುಡುಗಿಯೇ ಅಲ್ಲವೇ? ಗಂಡ ಇಷ್ಟು ವರ್ಷ ಕೈಯಾರೆ ಬಡಿಸಿದ್ದೆಲ್ಲ ಎಲ್ಲಿ ಹೋಗುತ್ತದೆ? ಮತ್ತೆ ಗಂಟು ಚುಚ್ಚುತ್ತಿತ್ತು, ಮತ್ತೆ ತಾಟಿನಿಂದ ಒಂದು ರೊಟ್ಟಿ ತೆಗೆದಿಡುತ್ತಿದ್ದಳು.

ಅಮಾವಾಸ್ಯೆಗೆ ಅಂಗಡಿ ಬಂದ್. ಆ ದಿನ ನೀಲಕಂಠಪ್ಪ ಹೆಂಡತಿಯನ್ನು ಹಿಂಬಾಗಿಲಿನಿಂದ ಒಳಗೆ ಕರೆದೊಯ್ದು ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕೂಡ್ರಿಸುತ್ತಿದ್ದ. ಕಾಳಿನ ಚೀಲದಂತೆ ಕೂರಲು ಅವಳಿಗೆ ನಾಚಿಕೆ. ಸೆರಗು ಮುಖಕ್ಕೆ ಹೊದ್ದುಕೊಳ್ಳುತ್ತಿದ್ದಳು. ಅವನು ಇನ್ನೊಂದು ಬದಿಗೆ ಕಲ್ಲು ಇಡುತ್ತಿದ್ದ, ತೆಗೆಯುತ್ತಿದ್ದ.

"ಎಷ್ಟಾತ್ರಿ?"

"ತೊಂಬತ್ತೊಂದು."

ಮುಂದಿನ ಅಮಾವಾಸ್ಯೆಗೆ ತೊಂಬತ್ತು. ಅದರ ಮುಂದಿನದಕ್ಕೂ ತೊಂಬತ್ತೇ.

"ಹಂಗ್ಯಾಕ್ರಿ? ಕುಬಸ ಸಡಲ ಆಗೇದ, ಬಳಿ ಜಾರತಾವು."

"ಹಳೇ ಕುಬಸ, ಒಗದು ಒಗದು ಹಿಗ್ಗೇದ. ತಕ್ಕಡಿ ಸುಳ್ಳು ಹೇಳತದೇನು?" ಅಂದ ನೀಲಕಂಠಪ್ಪ, ಕಲ್ಲು ಎತ್ತಿಡುತ್ತ. "ಸಾಕು ಬಿಡು ಸಂಗವ್ವ. ನಮ್ಮ ಹಣ್ಯಾಗ ಇಲ್ಲ ಅದು. ಹೊಟ್ಟಿತುಂಬ ಉಣ್ಣು."

ಅವನ ತಕ್ಕಡಿ ಅಂದರೆ ಸುತ್ತಲಿನ ರೈತರು ಕಣ್ಣು ಮುಚ್ಚಿ ಚೀಲ ಇಳಿಸುತ್ತಿದ್ದರು. ಇಡೀ ಪೇಟೆ ನಂಬಿದ್ದನ್ನು ಹೆಂಡತಿ ನಂಬದೆ ಇರುತ್ತಾಳೆಯೇ? ತನ್ನ ಬಾಯಿ ಕಟ್ಟಿದ್ದೇ ಸಾಲದು ಅಂದುಕೊಂಡಳು. ಎರಡು ರೊಟ್ಟಿ ಒಂದಾಯಿತು. ಪಂಚಮಿಗೆ ಓಣಿಗೆಲ್ಲ ಹಂಚಲು ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಕಟ್ಟಿದಳು. ಬೆರಳಿಗೆ ಅಂಟಿದ ಬೆಲ್ಲವನ್ನೂ ನೆಕ್ಕದೆ ತೊಳೆದುಕೊಂಡಳು. ಆಗ ಪಡಸಾಲೆಯಲ್ಲಿ ಕೂತಿದ್ದ ನೀಲಕಂಠಪ್ಪ ಎದ್ದು ಹೊರಗೆ ಹೋದ.

ಪಂಚಮಿಯ ಮೂರನೆಯ ದಿನ ಗಂಟು ಕಲ್ಲಾಯಿತು. ವಾಂತಿ ನಿಲ್ಲಲಿಲ್ಲ. ನೀಲಕಂಠಪ್ಪ ಅಂಗಡಿಯಲ್ಲಿದ್ದ. ಪಕ್ಕದ ಮನೆಯ ರಾಜಬಿ ಟಾಂಗಾ ಕರೆಸಿದಳು. "ಏಳ್ರಿ ಸಂಗಕ್ಕಾ, ಅವರ ಹಾದಿ ಕಾಯೂದು ಬ್ಯಾಡ" ಎಂದು ಎತ್ತಿ ಕೂಡ್ರಿಸಿದಳು.

ದಾಕ್ತರು ಅರ್ಧ ತಾಸು ಒತ್ತಿ ಒತ್ತಿ ಕರುಳನ್ನು ಒಳಗೆ ಸರಿಸಿದರು. ತೂಗಿ ನೋಡಿದವರು ಸಿಟ್ಟಿಗೆದ್ದರು.

"ಅರವತ್ತೊಂಬತ್ತು! ಎಂಬತ್ತಕ್ಕ ಬರ್ರಿ ಅಂದ್ರ ಸಾಯಾಕ ಉಪವಾಸ ಬಿದ್ದೀರೇನವ್ವಾ? ಎರಡು ತಿಂಗಳ ಹಿಂದನ ಬರಬೇಕಿತ್ತು. ಮೈಯಾಗ ರಕ್ತ ಇಲ್ಲ, ಈಗ ಕೊಯ್ದ್ರ ಉಳಿಯೂದಿಲ್ಲ. ಮನಿಗೆ ಹೋಗಿ ಉಣ್ರಿ. ಶಕ್ತಿ ಬರೂ ತನಕ ನಾ ಕತ್ತರಿ ಮುಟ್ಟಂಗಿಲ್ಲ. ಅಷ್ಟರಾಗ ಕರುಳು ಮತ್ತ ಸಿಕ್ಕೊಂಡ್ರ ದೇವರ ಗತಿ."

ರಾಜಬಿ ಸಂಗವ್ವನನ್ನು ಅದೇ ಟಾಂಗಾದಲ್ಲಿ ಮನೆಗೆ ಕರೆತಂದಳು. ಸುದ್ದಿ ತಿಳಿದು ನೀಲಕಂಠಪ್ಪ ಓಡಿ ಬಂದಾಗ ಗೋಡೆಗೆ ಒರಗಿ ಕೂತಿದ್ದಳು.

"ಅರವತ್ತೊಂಬತ್ತಂತ್ರೀ" ಅಂದಳು.

ಅವನು ಹೊಸ್ತಿಲಲ್ಲೇ ಕುಸಿದ. "ತಕ್ಕಡಿ ಖರೇನ ಹೇಳ್ತು. ನಾ ಬಾಯಿಲೆ ಸುಳ್ಳು ಹೇಳಿದೆ. ತೂಕ ಇಳೀವಲ್ದು ಅಂತ ಬ್ಯಾಸತ್ತು ಉಣ್ಣತೀ ಅಂತ ಮಾಡಿದ್ದೆ. ಕೊಯ್ಸೂದು ತಪ್ಪತದ, ನೀ ಉಳೀತೀ ಅಂತ ಮಾಡಿದ್ದೆ. ನೀ ಉಣ್ಣೂದು ಇನ್ನಷ್ಟು ಬಿಟ್ಟಿ."

"ನಾ ಒಲಿ ಮುಂದ ಅಳೂದು ನೋಡಿದ್ರಿ."

"ನೋಡಿದೆ."

"ನೋಡಕೋತ ಕುಂತ್ರಿ!" ಸಂಗವ್ವನಿಗೆ ಎದ್ದು ಅವನ ಎದೆಗೆ ಗುದ್ದಬೇಕೆನ್ನಿಸುವಷ್ಟು ಸಿಟ್ಟು ಬಂತು. ಎದ್ದೇಳಲು ಕಾಲಲ್ಲಿ ಬಲವಿರಲಿಲ್ಲ. ಕೂತಲ್ಲೇ ಅತ್ತಳು. ಅತ್ತು ಸಾಕಾದ ಮೇಲೆ ತನಗೇ ಹೇಳಿಕೊಂಡಂತೆ ಅಂದಳು, "ನೀವು ತೊಂಬತ್ತು ಅಂದಾಗೆಲ್ಲ ನನಗೂ ಒಳಗ ಒಂದು ಸ್ವಲ್ಪ ಸಮಾಧಾನ ಆಗತಿತ್ರೀ. ಇನ್ನೊಂದು ತಿಂಗಳು ಕತ್ತರಿ ತಪ್ಪಿತು ಅಂತ. ನಿಮ್ಮನ್ನೊಬ್ಬರನ್ನ ಏನು ಬೈಲಿ?"

ನೀಲಕಂಠಪ್ಪ ಒಲೆ ಹೊತ್ತಿಸಿದ. ಬಾರದ ಕೈಯಿಂದ ರೊಟ್ಟಿ ಬಡಿದ, ಒಂದು ಹರಿಯಿತು, ಒಂದು ಸೀದಿತು. ಮೂರನೆಯದನ್ನು ಬಿಸಿ ಹಾಲಿನಲ್ಲಿ ಮುರಿದು, ಬೆಲ್ಲ ಕಲಸಿ, ಮೇಲೆ ತುಪ್ಪ ಸುರಿದು ತಂದಿಟ್ಟ.

ಸಂಗವ್ವ ತುತ್ತು ಎತ್ತಿದಳು. ಈಗ ಅವಳಿಗೆ ಬದುಕಬೇಕಿತ್ತು. ಕೊಯ್ಸಿಕೊಂಡು ಎದ್ದು ಬರಬೇಕಿತ್ತು. ಒಂದು ತುತ್ತು ನುಂಗಿದಳು, ಇನ್ನೊಂದು ನುಂಗಿದಳು. ಮೂರನೆಯದು ಗಂಟಲಲ್ಲೇ ನಿಂತಿತು. ಎರಡೂ ವಾಂತಿಯಾಗಿ ಹೊರಬಂದವು. ಬಾಯಿ ತೊಳೆದು ಮತ್ತೆ ಎತ್ತಿದಳು, ಮತ್ತೆ ಹಾಗೇ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಯಾವುದೋ ಸಪ್ಪಳಕ್ಕೆ ಕಿವಿಗೊಟ್ಟವಳಂತೆ ಕೂತಳು.

"ಇನ್ನೊಂದ ತುತ್ತು, ನನ್ನವ್ವಾ. ನಿನ್ನ ಕಾಲಿಗೆ ಬೀಳ್ತೇನಿ" ಅಂದ ನೀಲಕಂಠಪ್ಪ.

ಅವಳು ಹೆದರಿದ ಕಣ್ಣಿನಿಂದ ಗಂಡನನ್ನು ನೋಡಿದಳು.

"ಹಸಿವಿಲ್ಲರೀ" ಅಂದಳು. "ಎಷ್ಟು ಹುಡಿಕಿದ್ರೂ ಎಲ್ಲೂ ಇಲ್ಲ."